ಅಕ್ಕಿ, ಬೇಳೆ, ಸಕ್ಕರೆ ಲೋಡ್ ಹೊಸದೇ? ಲಾರಿ ಚಾಲಕರು ಹೊರಡುವ ಮುನ್ನ ತಿಳಿದಿರಬೇಕಾದ ವಿಷಯಗಳಿವು

ಗಂಗಾವತಿ, ಸಿಂಧನೂರಿನ ಅಕ್ಕಿ, ಕಲಬುರಗಿಯ ತೊಗರಿಬೇಳೆ, ಬೆಳಗಾವಿ, ಬಾಗಲಕೋಟೆಯ ಸಕ್ಕರೆ. ಮುಂಬೈ, ಪುಣೆ, ಹೈದರಾಬಾದ್, ಚೆನ್ನೈನ ಮಾರುಕಟ್ಟೆಗಳಿಗೆ ದಿನವೂ ಲಾರಿಗಳಲ್ಲಿ ಹೋಗುವ ಸರಕುಗಳಿವು. ಮರಳು, ಸಿಮೆಂಟ್, ಕಬ್ಬಿಣ ಸಾಗಿಸಿ ಅಭ್ಯಾಸವಿರುವ ಚಾಲಕರು ಮೊದಲ ಬಾರಿಗೆ ಆಹಾರ ಧಾನ್ಯದ ಲೋಡ್ ಹಿಡಿದಾಗ, ಚೀಲ ತುಂಬಿ ತಾಡಪತ್ರಿ ಬಿಗಿದರೆ ಕೆಲಸ ಮುಗಿಯಿತು ಎಂದುಕೊಳ್ಳುವುದುಂಟು. ಆದರೆ ಲೆಕ್ಕ ಅಷ್ಟು ಸರಳವಲ್ಲ.

ಅಕ್ಕಿಗೆ ಕೆಜಿಗೆ 50 ರೂಪಾಯಿ ಎಂದು ಹಿಡಿದರೆ 50 ಕೆಜಿಯ ಒಂದು ಚೀಲಕ್ಕೆ 2,500 ರೂಪಾಯಿ. ದಾರಿಯಲ್ಲಿ ಇಪ್ಪತ್ತು ಚೀಲ ನೆನೆದರೆ 50,000 ರೂಪಾಯಿ. ಅನೇಕ ಟ್ರಿಪ್‌ಗಳಲ್ಲಿ ಡೀಸೆಲ್, ಟೋಲ್ ಕಳೆದು ಮಾಲೀಕನ ಕೈಗೆ ಉಳಿಯುವ ಹಣಕ್ಕಿಂತ ಇದು ಹೆಚ್ಚು. ಇಂಥ ನಷ್ಟವನ್ನು ಹೆಚ್ಚಾಗಿ ಬಾಡಿಗೆಯಲ್ಲೇ ಮುರಿದುಕೊಳ್ಳಲಾಗುತ್ತದೆ. ತಪ್ಪು ಮಿಲ್‌ನದೋ, ಹಮಾಲರದೋ, ಮಳೆಯದೋ ಎಂದು ವಾದಿಸಲು ಚಾಲಕನ ಕೈಯಲ್ಲಿ ಕಾಗದ ಇರಬೇಕು. ಆ ಕಾಗದ ಸಿದ್ಧವಾಗುವುದು ಇಳಿಸುವ ಜಾಗದಲ್ಲಲ್ಲ, ಲೋಡ್ ಮಾಡುವ ಜಾಗದಲ್ಲಿ. ಹಾಗಾಗಿ ಈ ಕೆಲಸದಲ್ಲಿ ಹಣ ಉಳಿಯುವುದೋ ಹೋಗುವುದೋ ಎಂಬುದು ಬಹುಮಟ್ಟಿಗೆ ಎಂಜಿನ್ ಸ್ಟಾರ್ಟ್ ಮಾಡುವ ಮೊದಲೇ ತೀರ್ಮಾನವಾಗಿರುತ್ತದೆ.

ಹೊಸಬರು ಯಾವ ಹಂತದಲ್ಲಿ ಏನು ನೋಡಿಕೊಳ್ಳಬೇಕು? ಇಲ್ಲಿದೆ ಮಾಹಿತಿ.

ಹಿಂದಿನ ಲೋಡ್ ಏನಾಗಿತ್ತು?

ಆಹಾರ ಧಾನ್ಯ ತುಂಬುವ ಮುನ್ನ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಇದು. ಗೊಬ್ಬರ, ಕೀಟನಾಶಕ, ರಾಸಾಯನಿಕ, ಚರ್ಮ, ಗುಜರಿ ಸಾಗಿಸಿದ ಲಾರಿಯ ನೆಲದಲ್ಲಿ ಪುಡಿ, ಎಣ್ಣೆ, ವಾಸನೆ ಉಳಿದಿರುತ್ತದೆ. ಅಕ್ಕಿ, ಹಿಟ್ಟು, ಸಕ್ಕರೆ ಪಕ್ಕದ ವಾಸನೆಯನ್ನು ಬೇಗ ಹೀರಿಕೊಳ್ಳುತ್ತವೆ. ಫಿನಾಯಿಲ್ ಅಥವಾ ಅಗರಬತ್ತಿ ಜೊತೆ ಬಂದ ಅಕ್ಕಿಯ ಚೀಲವನ್ನು ವ್ಯಾಪಾರಿ ಮೂಗಿನ ಹತ್ತಿರ ಹಿಡಿದ ಕೂಡಲೇ ಪತ್ತೆಹಚ್ಚುತ್ತಾನೆ.

ಕೀಟನಾಶಕದಂಥ ವಿಷದ ವಸ್ತು ಚೆಲ್ಲಿದ ಬಾಡಿಗೆ ಧಾನ್ಯ ತುಂಬಲೇಬಾರದು. ಉಳಿದಂತೆ ಮೊದಲು ಪೊರಕೆಯಿಂದ ಮೂಲೆಮೂಲೆ ಗುಡಿಸಬೇಕು. ಹಲಗೆಗಳ ಸಂದಿಯಲ್ಲಿ ಸಿಕ್ಕಿಕೊಂಡ ಹಳೆಯ ಕಾಳುಗಳನ್ನು ತೆಗೆಯಬೇಕು. ನುಸಿ, ಹುಳು ಹೊಸ ಲೋಡ್‌ಗೆ ಹತ್ತುವುದು ಅಲ್ಲಿಂದಲೇ. ತೊಳೆದರೆ ಪೂರ್ತಿ ಒಣಗುವವರೆಗೆ ಕಾಯಬೇಕು. ಮರದ ನೆಲ ಮೇಲೆ ಒಣಗಿದಂತೆ ಕಂಡರೂ ಒಳಗೆ ತೇವ ಹಿಡಿದಿರುತ್ತದೆ. ತೊಳೆದು ಎರಡೇ ಗಂಟೆಗೆ ಲೋಡ್ ಮಾಡಿದರೆ ಕೆಳಗಿನ ಸಾಲಿನ ಚೀಲಗಳು ಬೂಷ್ಟು ಹಿಡಿಯಬಹುದು.

ನೆಲದ ಮೊಳೆಗಳ ತಲೆ ಎದ್ದಿದ್ದರೆ ಬಡಿದು ಕೂರಿಸಬೇಕು. ಖಾಲಿ ಲಾರಿಯ ಒಳಗೆ ಹಗಲಲ್ಲಿ ನಿಂತು, ಬಾಗಿಲು ಮತ್ತು ತಾಡಪತ್ರಿ ಮುಚ್ಚಿಸಿ ನೋಡಿದರೆ ಎಲ್ಲೆಲ್ಲಿ ಬೆಳಕು ತೂರುತ್ತದೋ ಅಲ್ಲೆಲ್ಲ ನೀರೂ ತೂರುತ್ತದೆ. ಕಂಟೇನರ್ ಬಾಡಿ ಇರುವವರಿಗೂ ಈ ಪರೀಕ್ಷೆ ಅಗತ್ಯ.

ಸ್ವಚ್ಛ ಮಾಡಿದ ಬಾಡಿಯ ಫೋಟೊ ಒಂದು ಮೊಬೈಲ್‌ನಲ್ಲಿರಲಿ. ಮುಂದೆ ತಕರಾರು ಬಂದರೆ ಅದೇ ಮೊದಲ ಸಾಕ್ಷಿ.

ತುಂಬುವಾಗ ಚೀಲ ನೋಡಬೇಕು, ಕೈಯಿಟ್ಟು ನೋಡಬೇಕು

ಹಮಾಲರು ಚೀಲ ಏರಿಸುವಾಗ ಚಾಲಕ ಅಥವಾ ಕ್ಲೀನರ್ ಪಕ್ಕದಲ್ಲೇ ನಿಂತು ಎಣಿಸುವುದು ಕಡ್ಡಾಯ ಎಂದೇ ತಿಳಿಯಬೇಕು. ಚಹಾ ಕುಡಿಯಲು ಹೋದ ಹತ್ತು ನಿಮಿಷದಲ್ಲಿ ತಪ್ಪಿದ ಎಣಿಕೆಯನ್ನು 600 ಕಿಲೋಮೀಟರ್ ಆಚೆ ಸರಿಪಡಿಸಲು ಆಗುವುದಿಲ್ಲ. ಹರಿದ ಚೀಲ, ಹೊಲಿಗೆ ಬಿಟ್ಟ ಚೀಲ, ಕಲೆಯಿರುವ ಚೀಲ ಕಂಡರೆ ಅಲ್ಲೇ ಬದಲಾಯಿಸಲು ಹೇಳಬೇಕು. ಬದಲಾಯಿಸದಿದ್ದರೆ ಬಿಲ್ಟಿಯ ಮೇಲೆ 'ಇಷ್ಟು ಚೀಲ ಹರಿದಿವೆ' ಎಂದು ಬರೆಸಿ ಸಹಿ ಪಡೆಯಬೇಕು.

ಪ್ಲಾಸ್ಟಿಕ್ ಚೀಲಗಳಿಗೆ ಕೊಕ್ಕೆ ಹಾಕಲು ಬಿಡಬಾರದು. ಗೋಣಿಚೀಲದ ನೂಲು ಕೊಕ್ಕೆ ತೆಗೆದ ಮೇಲೆ ಸ್ವಲ್ಪ ಕೂಡಿಕೊಳ್ಳುತ್ತದೆ. ಪ್ಲಾಸ್ಟಿಕ್ ಚೀಲದ ತೂತು ಹಾಗೇ ಉಳಿದು ದಾರಿಯುದ್ದಕ್ಕೂ ಕಾಳು ಸುರಿಯುತ್ತದೆ.

ಇನ್ನು ತೇವಾಂಶ. ಸರ್ಕಾರಿ ಖರೀದಿಯ ಮಾನದಂಡದಲ್ಲಿ ಭತ್ತಕ್ಕೆ ಶೇ 17, ಮೆಕ್ಕೆಜೋಳಕ್ಕೆ ಶೇ 14, ತೊಗರಿಗೆ ಶೇ 12ರ ಮಿತಿ ಇದೆ. ಖಾಸಗಿ ಮಿಲ್‌ಗಳೂ ಇದರ ಆಸುಪಾಸಿನಲ್ಲೇ ನೋಡುತ್ತವೆ. ಚಾಲಕನ ಬಳಿ ತೇವಾಂಶ ಅಳೆಯುವ ಮೀಟರ್ ಇಲ್ಲದಿದ್ದರೂ ಚೀಲದೊಳಗೆ ಕೈಯಿಟ್ಟರೆ ಬಿಸಿ ತಾಗುತ್ತದೆಯೇ, ಮುಗ್ಗಲು ವಾಸನೆ ಬರುತ್ತದೆಯೇ ಎಂಬುದು ತಿಳಿಯುತ್ತದೆ. ಬಿಸಿ ಇದ್ದರೆ ಆ ಧಾನ್ಯ ಆಗಲೇ ಕೆಡಲು ಶುರುವಾಗಿರಬಹುದು. ಎರಡು ದಿನ ತಾಡಪತ್ರಿಯ ಕೆಳಗಿದ್ದು ಇಳಿಯುವಾಗ, 'ಲಾರಿಯಲ್ಲಿ ನೆನೆಸಿದ್ದಾನೆ' ಎಂಬ ಮಾತು ಚಾಲಕನ ಮೇಲೆ ಬರುತ್ತದೆ. ಮಿಲ್ ಅಳೆದ ತೇವಾಂಶದ ಅಂಕಿಯನ್ನು ಚೀಟಿಯಲ್ಲಿ ಬರೆಸಿಕೊಂಡರೆ ಈ ಜಗಳ ಅರ್ಧ ಮುಗಿದಂತೆ.

ತೇವಾಂಶ ತೂಕದ ಮೇಲೂ ಆಟ ಆಡುತ್ತದೆ. 20 ಟನ್ ಮೆಕ್ಕೆಜೋಳದ ತೇವಾಂಶ ಶೇ 14ರಿಂದ ಕಾಲು ಪರ್ಸೆಂಟ್ ಇಳಿದರೂ ಸುಮಾರು 58 ಕೆಜಿ ಕಡಿಮೆಯಾಗುತ್ತದೆ. ಅಂದರೆ ಒಂದು ಕಾಳೂ ಚೆಲ್ಲದೆ ಒಂದು ಚೀಲಕ್ಕಿಂತ ಹೆಚ್ಚು ತೂಕ 'ಮಾಯ'. ಎಷ್ಟು ಕೆಜಿವರೆಗಿನ ಕೊರತೆಯನ್ನು ಒಪ್ಪಿಕೊಳ್ಳಲಾಗುತ್ತದೆ ಎಂಬುದನ್ನು ಬಾಡಿಗೆ ಮಾತಾಡುವಾಗಲೇ ಕೇಳಿ ಬರೆಸಿಕೊಳ್ಳಬೇಕು.

ತೂಕದ ಲೆಕ್ಕ: ಚೀಲವೂ ತೂಗುತ್ತದೆ, ಡೀಸೆಲ್ಲೂ ತೂಗುತ್ತದೆ

ಲಾರಿಯ ಆರ್‌ಸಿಯಲ್ಲಿ ಒಟ್ಟು ತೂಕ ಮತ್ತು ಖಾಲಿ ತೂಕ ಎರಡೂ ಇರುತ್ತವೆ. ಎರಡರ ವ್ಯತ್ಯಾಸವೇ ಹೇರಬಹುದಾದ ಸರಕು. ಉದಾಹರಣೆಗೆ, ಒಟ್ಟು ತೂಕ 28 ಟನ್, ಖಾಲಿ ತೂಕ 9.5 ಟನ್ ಇದ್ದರೆ 18.5 ಟನ್ ಹೇರಬಹುದು. 50 ಕೆಜಿಯ 370 ಚೀಲ ಎಂದು ಲೆಕ್ಕ ಹಾಕಿದರೆ ತಪ್ಪು. ಗೋಣಿಚೀಲದ್ದೇ ತೂಕ 580 ಗ್ರಾಂ ಇದ್ದರೆ 365 ಚೀಲಕ್ಕೇ ಮಿತಿ ಮುಟ್ಟುತ್ತದೆ.

ಮಿತಿ ಮೀರಿದರೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 194ರ ಪ್ರಕಾರ 20,000 ರೂಪಾಯಿ ದಂಡ, ಜೊತೆಗೆ ಹೆಚ್ಚುವರಿ ಪ್ರತಿ ಟನ್‌ಗೆ 2,000 ರೂಪಾಯಿ. ಎರಡು ಟನ್ ಹೆಚ್ಚಿದ್ದರೆ 24,000 ರೂಪಾಯಿ. ಹೆಚ್ಚುವರಿ ಸರಕು ಇಳಿಸುವ ಖರ್ಚೂ ಲಾರಿಯವರದೇ. ತೂಕ ಮಾಡಿಸಲು ನಿಲ್ಲಿಸದೆ ಹೋದರೆ ದಂಡ 40,000 ರೂಪಾಯಿ. 'ನಾಲ್ಕು ಚೀಲ ಜಾಸ್ತಿ ಹಾಕ್ಕೊಂಡು ಹೋಗಪ್ಪಾ' ಎಂದು ದಲಾಲಿ ಹೇಳಿದಾಗ ಈ ಲೆಕ್ಕ ನೆನಪಿರಬೇಕು. ಆ ದಂಡ ಕಟ್ಟಲು ದಲಾಲಿ ಬರುವುದಿಲ್ಲ.

ಹೊಸಬರು ಎಡವುವ ಇನ್ನೊಂದು ಜಾಗ ವೇಬ್ರಿಡ್ಜ್. ಖಾಲಿ ಲಾರಿ ತೂಗಿಸಿ, ಆಮೇಲೆ 300 ಲೀಟರ್ ಡೀಸೆಲ್ ತುಂಬಿಸಿ, ನಂತರ ಲೋಡ್ ಸಮೇತ ತೂಗಿಸಿದರೆ ಸುಮಾರು 250 ಕೆಜಿ ಡೀಸೆಲ್ ತೂಕವೂ ಧಾನ್ಯದ ಲೆಕ್ಕಕ್ಕೆ ಸೇರಿಬಿಡುತ್ತದೆ. ಇಳಿಸುವ ಕಡೆ ಅಷ್ಟು ಧಾನ್ಯ 'ಕೊರತೆ' ಬೀಳುತ್ತದೆ. ಡೀಸೆಲ್ ತುಂಬಿಸುವುದಿದ್ದರೆ ಖಾಲಿ ತೂಕಕ್ಕೂ ಮೊದಲು ತುಂಬಿಸಬೇಕು, ಇಲ್ಲವೇ ಎರಡೂ ತೂಕ ಮುಗಿದ ಮೇಲೆ. ಎರಡು ತೂಕವನ್ನೂ ಒಂದೇ ವೇಬ್ರಿಡ್ಜ್‌ನಲ್ಲಿ ಮಾಡಿಸಿ, ಎರಡೂ ಚೀಟಿ ಇಟ್ಟುಕೊಳ್ಳಬೇಕು.

ಜೋಡಿಸುವುದು ಹೇಗೆ?

ನೆಲದ ಮೇಲೆ ಮೊದಲು ಒಂದು ತಾಡಪತ್ರಿ ಅಥವಾ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಅಂಚನ್ನು ಪಕ್ಕದ ಹಲಗೆಗಳ ಮೇಲೆ ಒಂದು ಚೀಲದ ಎತ್ತರಕ್ಕಾದರೂ ಏರಿಸಬೇಕು. ರಸ್ತೆಯ ನೀರು ಚಕ್ರದಿಂದ ಚಿಮ್ಮುವುದು ಕೆಳಗಿನಿಂದಲೇ.

ಚೀಲಗಳನ್ನು ಇಟ್ಟಿಗೆ ಕಟ್ಟಿದಂತೆ ಒಂದು ಸಾಲು ಉದ್ದ, ಮುಂದಿನ ಸಾಲು ಅಡ್ಡ ಜೋಡಿಸಿದರೆ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಪ್ಲಾಸ್ಟಿಕ್ ಚೀಲಗಳು ನುಣುಪು. ಘಾಟಿಯ ತಿರುವಿನಲ್ಲಿ, ಜೋರು ಬ್ರೇಕ್ ಹಾಕಿದಾಗ ಜಾರುತ್ತವೆ. ಅಂಥ ಲೋಡ್‌ಗೆ ಎತ್ತರ ಕಡಿಮೆ ಇಟ್ಟು, ನಡುನಡುವೆ ಅಡ್ಡ ಹಗ್ಗ ಬಿಗಿಯಬೇಕು. ಹಗ್ಗ ಹಾಯುವ ಅಂಚಿನಲ್ಲಿ ಖಾಲಿ ಗೋಣಿ ಮಡಚಿಟ್ಟರೆ ಚೀಲ ಕೊಯ್ಯುವುದಿಲ್ಲ. ಮೊದಲ 30–40 ಕಿಲೋಮೀಟರ್ ಕಳೆದ ಮೇಲೆ ಚೀಲಗಳು ಕುಸಿದು ಹಗ್ಗ ಸಡಿಲವಾಗಿರುತ್ತದೆ. ಅಲ್ಲಿ ನಿಲ್ಲಿಸಿ ಮತ್ತೆ ಬಿಗಿಯುವುದು ರೂಢಿಯಾಗಬೇಕು.

ಮಳೆ ಎಲ್ಲ ಕಡೆ ಒಂದೇ ತಿಂಗಳಲ್ಲಿ ಬರುವುದಿಲ್ಲ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬೈ ಕಡೆಯ ಘಟ್ಟ ಇಳಿಯುವವರು ಎಚ್ಚರದಿಂದಲೇ ಇರುತ್ತಾರೆ. ಮೋಸ ಹೋಗುವುದು ಚೆನ್ನೈ ದಾರಿಯಲ್ಲಿ. ದಸರಾ ಕಳೆಯಿತು, ಮಳೆಗಾಲ ಮುಗಿಯಿತು ಎಂದು ಹಳೆಯ ತಾಡಪತ್ರಿ ಹಾಕಿಕೊಂಡು ಹೊರಟರೆ, ಅಲ್ಲಿ ಹಿಂಗಾರು ಮಳೆ ಜೋರಾಗುವುದೇ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ.

ದೆಹಲಿ ಕಡೆ ಹೋಗುವವರಿಗೆ ಚಳಿಗಾಲದಲ್ಲಿ ಬೇರೆಯೇ ತೊಂದರೆ. ದಕ್ಷಿಣದ ಸೆಕೆಯಲ್ಲಿ ತುಂಬಿದ ಧಾನ್ಯ ಬೆಚ್ಚಗಿರುತ್ತದೆ, ಉತ್ತರದ ರಾತ್ರಿ ತಣ್ಣಗಿರುತ್ತದೆ. ಒಳಗಿನ ಆವಿ ತಾಡಪತ್ರಿಯ ತಳದಲ್ಲಿ ಹನಿಗಟ್ಟಿ ಮೇಲಿನ ಚೀಲಗಳ ಮೇಲೆ ತೊಟ್ಟಿಕ್ಕುತ್ತದೆ. ಮಳೆಯೇ ಬಾರದೆ ಚೀಲ ಒದ್ದೆಯಾಗುವುದು ಹೀಗೆ. ಮೇಲಿನ ಸಾಲಿನ ಮೇಲೆ ಖಾಲಿ ಗೋಣಿ ಹೊದಿಸಿದರೆ ಅದು ಹನಿಯನ್ನು ಹೀರಿಕೊಳ್ಳುತ್ತದೆ. ಹಗಲಿನ ಒಣ ಬಿಸಿಲಲ್ಲಿ ನಿಂತಾಗ ಅಂಚು ಎತ್ತಿ ಸ್ವಲ್ಪ ಗಾಳಿಯಾಡಲು ಬಿಡಬೇಕು.

ಸಕ್ಕರೆಗೆ ಎಚ್ಚರ ಇನ್ನೂ ಹೆಚ್ಚು ಬೇಕು. ಗಾಳಿಯಲ್ಲಿನ ತೇವಕ್ಕೇ ಅದು ಗಡ್ಡೆ ಕಟ್ಟುತ್ತದೆ. ಕರಾವಳಿಗೆ ಹೋಗುವ ಸಕ್ಕರೆ ಲೋಡ್‌ಗೆ ಮೇಲೆ ಎರಡು ತಾಡಪತ್ರಿ ಹಾಕಿದರೆ ಒಳ್ಳೆಯದು.

'ಮಾತ್ರೆ' ಇಟ್ಟ ಲೋಡ್: ಇದು ಜೀವದ ಪ್ರಶ್ನೆ

ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಡುವುದಾದರೆ ಇದನ್ನು ನೆನಪಿಡಬೇಕು. ಗೋದಾಮುಗಳಲ್ಲಿ ಹುಳು ಸಾಯಿಸಲು ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಇಡುತ್ತಾರೆ. ಗಾಳಿಯ ತೇವ ತಾಗಿದಾಗ ಅದು ಫಾಸ್ಫೀನ್ ಎಂಬ ವಿಷಾನಿಲ ಬಿಡುತ್ತದೆ. 3 ಗ್ರಾಂನ ಒಂದು ಮಾತ್ರೆಯಿಂದ ಸುಮಾರು 1 ಗ್ರಾಂ ಅನಿಲ ಹೊರಬರುತ್ತದೆ. ಈ ವಿಷಕ್ಕೆ ಪ್ರತ್ಯೇಕ ಮದ್ದಿಲ್ಲ. ಭಾರತದಲ್ಲಿ ಇದರ ಬಳಕೆಗೆ ನಿರ್ಬಂಧವಿದೆ, ತಜ್ಞರ ಉಸ್ತುವಾರಿಯಲ್ಲೇ ಬಳಸಬೇಕು.

'ದಾರಿಯಲ್ಲಿ ಹುಳು ಬೀಳದಿರಲಿ' ಎಂದು ಲಾರಿಯ ತಾಡಪತ್ರಿಯ ಕೆಳಗೆ ಮಾತ್ರೆ ಹಾಕಿ ಕಳಿಸಲು ಯಾರಾದರೂ ಮುಂದಾದರೆ ಒಪ್ಪಲೇಬಾರದು. ಅನಿಲ ಸಂದಿಗಳ ಮೂಲಕ ಕ್ಯಾಬಿನ್‌ಗೆ ಬರಬಹುದು. ಕ್ಯಾಬಿನ್ ಮುಚ್ಚಿ ಮಲಗಿದವರಿಗೆ ಅದು ಗೊತ್ತಾಗದೆಯೂ ಇರಬಹುದು. ಲೋಡ್ ಮಾಡುವಾಗ 'ಈ ಮಾಲಿಗೆ ಯಾವಾಗ ಮಾತ್ರೆ ಇಟ್ಟಿದ್ದಿರಿ, ಮುಚ್ಚಿಗೆ ತೆಗೆದು ಗಾಳಿಯಾಡಿಸಿದ್ದೀರಾ' ಎಂದು ನೇರವಾಗಿ ಕೇಳಬೇಕು. ಬೆಳ್ಳುಳ್ಳಿಯಂಥ ಅಥವಾ ಕೊಳೆತ ಮೀನಿನಂಥ ವಾಸನೆ ಬಂದರೆ ಲೋಡ್ ನಿಲ್ಲಿಸಬೇಕು. ವಾಸನೆ ಇಲ್ಲದಿದ್ದರೆ ಅಪಾಯ ಇಲ್ಲ ಎಂದು ನಂಬುವಂತೆಯೂ ಇಲ್ಲ. ಲೋಡ್ ಮೇಲೆ, ತಾಡಪತ್ರಿಯ ಕೆಳಗೆ ಮಲಗುವ ಅಭ್ಯಾಸವಂತೂ ಬೇಡವೇ ಬೇಡ.

ತಲೆನೋವು, ವಾಕರಿಕೆ, ಎದೆ ಬಿಗಿತ, ಉಸಿರಾಟದ ತೊಂದರೆ ಶುರುವಾದರೆ ತಕ್ಷಣ ಲಾರಿಯಿಂದ ದೂರ, ತೆರೆದ ಗಾಳಿಗೆ ಹೋಗಿ 112ಕ್ಕೆ ಅಥವಾ 108ಕ್ಕೆ ಕರೆ ಮಾಡಬೇಕು. ಆಸ್ಪತ್ರೆಯಲ್ಲಿ ಧಾನ್ಯಕ್ಕೆ ಇಡುವ ಮಾತ್ರೆಯ ವಿಷಯವನ್ನು ಮೊದಲೇ ಹೇಳಬೇಕು. ಮಾತ್ರೆ ಅಥವಾ ಅದರ ಪುಡಿಯ ಮೇಲೆ ನೀರು ಸುರಿಯಬಾರದು. ಅನಿಲ ಇನ್ನಷ್ಟು ವೇಗವಾಗಿ ಹೊರಬರುತ್ತದೆ.

ಯಾವ ಲೋಡ್‌ಗೆ ಯಾವ ಕಾಗದ?

ಸಕ್ಕರೆಗೆ ಶೇ 5 ಜಿಎಸ್‌ಟಿ ಇದೆ. ರಾಜ್ಯದಿಂದ ರಾಜ್ಯಕ್ಕೆ ಹೋಗುವ ಸರಕಿನ ಬೆಲೆ 50,000 ರೂಪಾಯಿ ಮೀರಿದರೆ ಇ-ವೇ ಬಿಲ್ ಬೇಕು. 25 ಕೆಜಿ ಮತ್ತು ಅದಕ್ಕಿಂತ ಚಿಕ್ಕ, ಲೇಬಲ್ ಇರುವ ಪ್ಯಾಕ್‌ಗಳ ಅಕ್ಕಿ, ಬೇಳೆ, ಹಿಟ್ಟಿಗೂ 2022ರ ಜುಲೈ 18ರಿಂದ ಶೇ 5 ತೆರಿಗೆ ಇದೆ. ಅದಕ್ಕಿಂತ ದೊಡ್ಡ ಚೀಲಗಳಿಗೆ ವಿನಾಯಿತಿ. ಮಾರುಕಟ್ಟೆಯಲ್ಲಿ 26 ಕೆಜಿಯ ಅಕ್ಕಿ ಚೀಲ ಕಾಣುವುದು ಇದೇ ಕಾರಣಕ್ಕೆ. ವಿನಾಯಿತಿ ಇರುವ ಧಾನ್ಯಕ್ಕೆ ಇ-ವೇ ಬಿಲ್ ಬೇಡ, ಆದರೆ ಮಾಲಿನ ಬಿಲ್ ಮತ್ತು ಬಿಲ್ಟಿ ಬೇಕೇ ಬೇಕು.

ಇ-ವೇ ಬಿಲ್‌ನ ಅವಧಿ 200 ಕಿಲೋಮೀಟರ್‌ಗೆ ಒಂದು ದಿನ. 480 ಕಿಲೋಮೀಟರ್ ದಾರಿಗೆ ಮೂರು ದಿನ ಸಿಗುತ್ತದೆ. ಲಾರಿ ಕೆಟ್ಟು ನಿಂತರೆ ಅವಧಿ ಮುಗಿಯುವ 8 ಗಂಟೆ ಮೊದಲಿನಿಂದ, ಮುಗಿದ 8 ಗಂಟೆಯೊಳಗೆ ವಿಸ್ತರಿಸಬಹುದು. ಸರಕನ್ನು ಬೇರೆ ಲಾರಿಗೆ ಬದಲಾಯಿಸಿದರೆ ಹೊಸ ಲಾರಿಯ ನಂಬರ್ ನಮೂದಿಸಿದ ಮೇಲೆಯೇ ಹೊರಡಬೇಕು. ಹೊರಡುವ ಮುನ್ನ ಬಿಲ್‌ನಲ್ಲಿನ ಲಾರಿ ನಂಬರ್, ಚೀಲದ ಸಂಖ್ಯೆ, ತೂಕ ಮೂರನ್ನೂ ಚಾಲಕನೇ ಓದಿ ನೋಡಬೇಕು.

ಆಹಾರ ಪದಾರ್ಥ ಸಾಗಿಸುವವರಿಗೂ ಎಫ್‌ಎಸ್‌ಎಸ್‌ಎಐ ನೋಂದಣಿ ಅಥವಾ ಪರವಾನಗಿ ಅಗತ್ಯ. ಸ್ವಂತ ಲಾರಿ ಇಟ್ಟುಕೊಂಡವರು ಇದನ್ನು ಮಾಡಿಸಿಕೊಂಡರೆ ದೊಡ್ಡ ಮಿಲ್, ಕಂಪನಿಗಳ ಲೋಡ್ ಸಿಗಲೂ ಅನುಕೂಲ.

ವಿಮೆಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಲಾರಿಯ ವಿಮೆ ಒಳಗಿರುವ ಸರಕಿಗೆ ಅನ್ವಯಿಸುವುದಿಲ್ಲ. ಸರಕಿನ ಮಾಲೀಕ ಬೇರೆ ವಿಮೆ ಮಾಡಿಸಿದ್ದರೂ ಅದು ಅವನ ರಕ್ಷಣೆಗೆ. ಅವನಿಗೆ ಹಣ ಕೊಟ್ಟ ವಿಮಾ ಕಂಪನಿ ಸಾಗಣೆದಾರರಿಂದ ವಸೂಲಿಗೆ ಬರಬಹುದು. ಸಾಗಣೆದಾರರ ಹೊಣೆಗೆ ಪ್ರತ್ಯೇಕ ಪಾಲಿಸಿ ಸಿಗುತ್ತದೆ.

ಬಿಲ್ ಇಲ್ಲದ ಅಕ್ಕಿ: ಲಾರಿಯೇ ಹೋದೀತು

ಮಾಮೂಲಿಗಿಂತ ಹೆಚ್ಚು ಬಾಡಿಗೆ, ರಾತ್ರಿ ಲೋಡಿಂಗ್, ಗುರುತಿಲ್ಲದ ಚೀಲ, 'ಬಿಲ್ ಆಮೇಲೆ ವಾಟ್ಸ್‌ಆ್ಯಪ್ ಮಾಡ್ತೀವಿ' ಎಂಬ ಮಾತು. ಇವು ಒಟ್ಟಿಗೆ ಕಂಡರೆ ಅದು ಪಡಿತರ ಅಕ್ಕಿ ಇರಬಹುದು. ಅಗತ್ಯ ವಸ್ತುಗಳ ಕಾಯ್ದೆಯಡಿ ಅಕ್ರಮ ಸಾಗಣೆಗೆ ಬಳಸಿದ ವಾಹನವನ್ನೂ ಮುಟ್ಟುಗೋಲು ಹಾಕಿಕೊಳ್ಳಲು ಅವಕಾಶವಿದೆ. ತನಗಾಗಲಿ ಚಾಲಕನಿಗಾಗಲಿ ವಿಷಯ ಗೊತ್ತಿರಲಿಲ್ಲ, ಅಗತ್ಯ ಎಚ್ಚರಿಕೆಗಳನ್ನೆಲ್ಲ ತೆಗೆದುಕೊಂಡಿದ್ದೆವು ಎಂದು ಮಾಲೀಕ ಸಾಬೀತು ಮಾಡಿದರೆ ಮಾತ್ರ ಲಾರಿ ಉಳಿಯುತ್ತದೆ. ಬಿಲ್ ಕೇಳದೇ ಲೋಡ್ ಮಾಡಿಕೊಂಡವರು ಅದನ್ನು ಸಾಬೀತು ಮಾಡುವುದು ಕಷ್ಟ.

ಚೀಲವಿಲ್ಲದ ಧಾನ್ಯ ಸಾಗಿಸುವವರಿಗೆ

ಸೈಲೋಗಳು ಹೆಚ್ಚಿದಂತೆ ಗೋಧಿ, ಮೆಕ್ಕೆಜೋಳವನ್ನು ಚೀಲವಿಲ್ಲದೆ ನೇರವಾಗಿ ಬಾಡಿಗೆ ಸುರಿದು ಸಾಗಿಸುವುದೂ ಇದೆ. ಇಲ್ಲಿ ಹಿಂಬಾಗಿಲಿನ ಸಂದಿಯೇ ಶತ್ರು. ಒಳಗಿನಿಂದ ತಾಡಪತ್ರಿ ಅಥವಾ ದಪ್ಪ ಬಟ್ಟೆಯ ಪಟ್ಟಿ ಕೊಟ್ಟು ಸಂದಿ ಮುಚ್ಚಬೇಕು. ಇಳಿಸುವಾಗ ಧಾನ್ಯದ ರಾಶಿಯ ಮೇಲೆ ಯಾರೂ ನಿಲ್ಲಬಾರದು. ಕೆಳಗಿನಿಂದ ಕಾಳು ಹರಿಯುತ್ತಿದ್ದರೆ ಮೇಲೆ ನಿಂತವರು ಕೆಲವೇ ಕ್ಷಣಗಳಲ್ಲಿ ಹೂತುಹೋಗುತ್ತಾರೆ, ಎಳೆದರೂ ಸುಲಭಕ್ಕೆ ಬರುವುದಿಲ್ಲ. ಹಿಟ್ಟು, ಧಾನ್ಯದ ದೂಳು ಗಾಳಿಯಲ್ಲಿ ತುಂಬಿರುವಾಗ ಬೀಡಿ ಹಚ್ಚಬಾರದು. ಆ ದೂಳಿಗೆ ಬೆಂಕಿ ಹತ್ತಿದರೆ ಸ್ಫೋಟಿಸುತ್ತದೆ.

ಇಳಿಸುವಾಗ ಅವಸರ ಬೇಡ

ವಾಶಿ ಎಪಿಎಂಸಿ, ದೆಹಲಿಯ ನಯಾ ಬಜಾರ್‌ನಂಥ ದೊಡ್ಡ ಮಾರುಕಟ್ಟೆಗಳಲ್ಲಿ ಸರದಿ ಬರಲು ಕಾಯಬೇಕಾಗುತ್ತದೆ. ನಗರದೊಳಗೆ ದೊಡ್ಡ ಲಾರಿಗಳಿಗೆ ಸಮಯದ ನಿರ್ಬಂಧವೂ ಇರುತ್ತದೆ. ಎಷ್ಟು ಗಂಟೆ ಮೀರಿದರೆ ಹಾಲ್ಟಿಂಗ್ ಹಣ, ದಿನಕ್ಕೆ ಎಷ್ಟು, ಹಮಾಲಿ ಯಾರು ಕೊಡಬೇಕು ಎಂಬುದನ್ನು ಮೊದಲೇ ಮಾತಾಡಿ ಮೆಸೇಜ್‌ನಲ್ಲಿ ಇಟ್ಟುಕೊಳ್ಳಬೇಕು. ತಲುಪಿದ ಸಮಯಕ್ಕೆ ಗೇಟ್ ಚೀಟಿ ಪಡೆಯಬೇಕು.

ಹಗ್ಗ ಬಿಚ್ಚುವ ಮೊದಲು, ತಾಡಪತ್ರಿ ತೆಗೆದ ಕೂಡಲೇ ಲೋಡ್‌ನ ಫೋಟೊ ತೆಗೆಯಬೇಕು. ಒದ್ದೆ ಅಥವಾ ಹರಿದ ಚೀಲ ಇದ್ದರೆ ಅಷ್ಟನ್ನೇ ಬೇರೆಯಿಟ್ಟು ಎಣಿಸಿ, ಆ ಸಂಖ್ಯೆಯನ್ನೇ ರಸೀದಿಯಲ್ಲಿ ಬರೆಸಬೇಕು. 'ಮಾಲು ಹಾಳಾಗಿದೆ' ಎಂಬ ಒಂದೇ ಸಾಲಿಗೆ ಸಹಿ ಹಾಕಿದರೆ ಮೂರು ಚೀಲದ ನಷ್ಟ ಮೂವತ್ತಾಗಬಹುದು. ಸಹಿ, ಸೀಲ್ ಇರುವ ರಸೀದಿ ಕೈಗೆ ಬಂದ ಮೇಲೆಯೇ ಲಾರಿ ತೆಗೆಯಬೇಕು. ಬಾಕಿ ಬಾಡಿಗೆ ಸಿಗುವುದು ಅದರ ಮೇಲೆ.

ಲಾರಿಯಲ್ಲಿ ಇರಲೇಬೇಕಾದ ಸಾಮಾನು

* ತೂತಿಲ್ಲದ ತಾಡಪತ್ರಿ: ಮೇಲಕ್ಕೆ ಎರಡು, ನೆಲಕ್ಕೆ ಒಂದು
* ತಾಡಪತ್ರಿ ತೇಪೆಗೆ ತುಂಡು ಮತ್ತು ಅಂಟು
* ಗಟ್ಟಿ ಹಗ್ಗ, ಬಿಗಿಯುವ ಬೆಲ್ಟ್
* ದಬ್ಬಣ, ಸುತಲಿ: ಹರಿದ ಚೀಲವನ್ನು ಅಲ್ಲೇ ಹೊಲಿಯಲು
* ಹತ್ತು ಖಾಲಿ ಚೀಲ: ಚೆಲ್ಲಿದ್ದು ತುಂಬಲು, ಅಂಚಿಗೆ ಕೊಡಲು
* ಧಾನ್ಯಕ್ಕೆಂದೇ ಬೇರೆ ಇಟ್ಟ ಪೊರಕೆ, ಮೊರ
* ದೂಳಿಗೆ ಮಾಸ್ಕ್, ಕೈಗವಸು. ಆದರೆ ಸಾಮಾನ್ಯ ಮಾಸ್ಕ್ ಫಾಸ್ಫೀನ್ ಅನಿಲ ತಡೆಯುವುದಿಲ್ಲ
* ಟಾರ್ಚ್, ಬೆಂಕಿ ಆರಿಸುವ ಸಿಲಿಂಡರ್, ಸುತ್ತಿಗೆ
* ನೀರು ತಾಗದ ಚೀಲದಲ್ಲಿ ಬಿಲ್, ಬಿಲ್ಟಿ, ವೇಬ್ರಿಡ್ಜ್ ಚೀಟಿಗಳು

ಡೀಸೆಲ್ ಕ್ಯಾನ್, ಗ್ರೀಸ್ ಡಬ್ಬ, ಸ್ಟೌವ್‌ನ ಸೀಮೆಎಣ್ಣೆ ಧಾನ್ಯದ ಬಾಡಿಯೊಳಗೆ ಇರಬಾರದು.

ಇವುಗಳಲ್ಲಿ ದೊಡ್ಡ ಖರ್ಚು ತಾಡಪತ್ರಿಯದು ಮಾತ್ರ. ಉಳಿದದ್ದೆಲ್ಲ ಒಂದೆರಡು ಚೀಲ ಅಕ್ಕಿಯ ಬೆಲೆಯೊಳಗೆ ಮುಗಿಯುತ್ತದೆ. ಎಣಿಸಿ ತುಂಬಿಸುವುದಕ್ಕೆ, ಬರೆಸಿಕೊಳ್ಳುವುದಕ್ಕೆ, ಫೋಟೊ ತೆಗೆಯುವುದಕ್ಕೆ ಖರ್ಚೇ ಇಲ್ಲ. ಮೊದಲ ಕೆಲವು ಟ್ರಿಪ್‌ಗಳಲ್ಲಿ ಸಮಯ ಹಿಡಿದರೂ, ಕೊರತೆ ಇಲ್ಲದೆ ಮಾಲು ಮುಟ್ಟಿಸುವ ಲಾರಿಗೆ ಮಿಲ್‌ನವರೇ ಮತ್ತೆ ಕರೆ ಮಾಡುತ್ತಾರೆ.